ಇಬ್ಬರೇ, ಒಂದು ರಾತ್ರಿ, 60 ಮೈಲು: ಹಾಯಿದೋಣಿಯಲ್ಲಿ ದ್ವೀಪಕ್ಕೆ ಮೊದಲ ಇರುಳು ಪಯಣ

ಹಾಯಿದೋಣಿಯಲ್ಲಿ ಗಂಡ-ಹೆಂಡತಿ ಇಬ್ಬರೇ ಹೊರಟರೆ ಹಗಲು ಹೊತ್ತು ಅದು ಇಬ್ಬರ ಪಯಣ. ಕತ್ತಲಾದ ಮೇಲೆ ಹಾಗಲ್ಲ. ಒಬ್ಬರು ಕೆಳಗೆ ಮಲಗಿರುತ್ತಾರೆ, ಇನ್ನೊಬ್ಬರು ಮೇಲೆ ಕಾಯುತ್ತಿರುತ್ತಾರೆ. ಅಂದರೆ ಅರ್ಧ ರಾತ್ರಿ ಬೋಟು ಪೂರ್ತಿ ಆಕೆಯ ಕೈಯಲ್ಲಿ, ಇನ್ನರ್ಧ ರಾತ್ರಿ ಪೂರ್ತಿ ಆತನ ಕೈಯಲ್ಲಿ. "ಅವರಿಗೆ ಎಲ್ಲಾ ಗೊತ್ತೈತಿ, ನಾ ಸುಮ್ನ ಜೋಡಿಗೆ ಹೊಂಟೀನಿ" ಎನ್ನುವವರು ಇಬ್ಬರಲ್ಲಿ ಒಬ್ಬರಿದ್ದರೂ ಆ ಜೋಡಿ ರಾತ್ರಿ ಪಯಣಕ್ಕೆ ಇನ್ನೂ ಸಿದ್ಧವಾಗಿಲ್ಲ. ಹಾಯಿ ಕಡಿಮೆ ಮಾಡುವುದರಿಂದ ಹಿಡಿದು ರೇಡಿಯೊದಲ್ಲಿ ಮಾತಾಡುವವರೆಗೆ ಇಲ್ಲಿ ಹೇಳುವ ಪ್ರತಿ ಕೆಲಸವನ್ನೂ ಇಬ್ಬರೂ ಒಬ್ಬೊಬ್ಬರೇ ಮಾಡಲು ಕಲಿಯಬೇಕು. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಎಲ್ಲಿಗೆ, ಯಾವಾಗ

ಹವಳದ ದ್ವೀಪ ಅಂದರೆ ನಮಗೆ ಮೊದಲು ನೆನಪಾಗುವುದು ಲಕ್ಷದ್ವೀಪ. ಮೊದಲ ರಾತ್ರಿಗೆ ಅದು ಬೇಡ. ಕೊಚ್ಚಿಯಿಂದ ಕವರತ್ತಿಗೆ 400 ಕಿಲೊಮೀಟರ್ ದಾಟುತ್ತದೆ. ಸಾಧಾರಣ ಹಾಯಿದೋಣಿಯ ನಡೆ 5 ನಾಟ್, ಅಂದರೆ ತಾಸಿಗೆ 5 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು 1.852 ಕಿಲೊಮೀಟರ್; ಈ ಬರಹದಲ್ಲಿ ಮೈಲು ಎಂದರೆಲ್ಲ ಅದೇ. ಆ ಲೆಕ್ಕಕ್ಕೆ ಎರಡು ರಾತ್ರಿ ಹಿಡಿಯುತ್ತದೆ, ನಡುವೆ ತಂಗಲು ಜಾಗವಿಲ್ಲ, ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಒಂದು ರಾತ್ರಿಯನ್ನು ಚೆನ್ನಾಗಿ ಕಳೆದವರು ಆಮೇಲೆ ಅದನ್ನು ಯೋಚಿಸಬಹುದು.

ಮೊದಲ ಸಲಕ್ಕೆ ನಾವು ಸೂಚಿಸುವುದು ಥಾಯ್ಲೆಂಡಿನ ಫುಕೆಟ್‌ನಿಂದ ಸಿಮಿಲನ್ ದ್ವೀಪಗಳಿಗೆ ಹೋಗುವ ದಾರಿ. ಫುಕೆಟ್ ದ್ವೀಪದ ನೈಋತ್ಯ ತುದಿಯಲ್ಲಿರುವ ನೈ ಹಾರ್ನ್ ಕೊಲ್ಲಿಯಿಂದ ಸಿಮಿಲನ್‌ಗೆ ಹೆಚ್ಚುಕಡಿಮೆ 60 ಮೈಲು. ದಿಕ್ಕು ವಾಯವ್ಯ, ಕಂಪಾಸಿನಲ್ಲಿ ಸುಮಾರು 320 ಡಿಗ್ರಿ. ಅಲ್ಲಿ ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲದ ಕಾರಣ ಹೊಸಬರ ಲೆಕ್ಕ ತಪ್ಪುವ ಸಂಭವ ಒಂದು ಕಡಿಮೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೀಸುವುದು ಈಶಾನ್ಯದ ಗಾಳಿ. 320ರತ್ತ ಹೊರಟ ಬೋಟಿಗೆ ಅದು ಬಲಗಡೆಯಿಂದ ಅಡ್ಡ ಬೀಳುತ್ತದೆ, ಮರಳುವಾಗ ಎಡಗಡೆಯಿಂದ. ಹಾಯಿದೋಣಿಗೆ ಇದಕ್ಕಿಂತ ಸುಲಭದ ಗಾಳಿ ಇಲ್ಲ. ಸಿಮಿಲನ್ 1982ರಿಂದ ರಾಷ್ಟ್ರೀಯ ಉದ್ಯಾನ. ಅಕ್ಟೋಬರ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ ತೆರೆದಿರುತ್ತದೆ. ನಮ್ಮಲ್ಲಿ ಮುಂಗಾರು ಬರುವ ಹೊತ್ತಿಗೆ ಅಲ್ಲಿಯೂ ನೈಋತ್ಯದ ಮಳೆಗಾಳಿ ಏಳುತ್ತದೆ, ಆಗ ಆ ಕಡಲು ಹೊಸಬರದ್ದಲ್ಲ.

ತಿಂಗಳು ಗೊತ್ತಾದ ಮೇಲೆ ಮನೆಯ ಪಂಚಾಂಗ ತೆಗೆಯಿರಿ. ಶುಕ್ಲ ತ್ರಯೋದಶಿಯಿಂದ ಹುಣ್ಣಿಮೆಯವರೆಗಿನ ಮೂರು ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಸೂರ್ಯ ಮುಳುಗುವ ಮೊದಲೇ, ಇಲ್ಲವೇ ಮುಳುಗುವ ಹೊತ್ತಿಗೆ ಚಂದ್ರ ಮೇಲಿರುತ್ತಾನೆ, ಬೆಳಗಿನ ಜಾವದವರೆಗೂ ಇಳಿಯುವುದಿಲ್ಲ. ಬೆಳದಿಂಗಳಲ್ಲಿ ದಿಗಂತದ ಗೆರೆ ಕಾಣುತ್ತದೆ, ಮೇಲೇರುವ ಮೋಡ ಕಾಣುತ್ತದೆ, ಮೀನುಬಲೆಯ ತೇಲುಬುರುಡೆಯೂ ಒಮ್ಮೊಮ್ಮೆ ಕಾಣುತ್ತದೆ. ಹುಣ್ಣಿಮೆ ದಾಟಿದರೆ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಚಂದ್ರ ಹುಟ್ಟುತ್ತಾನೆ. ಪಂಚಮಿಯ ಹೊತ್ತಿಗೆ ಕಾವಲಿನ ಮೊದಲ ತಾಸುಗಳೆಲ್ಲ ಕಗ್ಗತ್ತಲು. ಒಂದು ಎಚ್ಚರ: ಹುಣ್ಣಿಮೆಯ ಸುತ್ತಮುತ್ತ ಭರತ-ಇಳಿತದ ಅಂತರವೂ ದೊಡ್ಡದು, ಫುಕೆಟ್‌ನಲ್ಲಿ ಎರಡೂವರೆ ಮೀಟರ್ ಮೀರುತ್ತದೆ. ದ್ವೀಪಗಳ ನಡುವಿನ ಕಿರಿದಾದ ನೀರಿನಲ್ಲಿ ಸೆಳೆತ ಆ ದಿನಗಳಲ್ಲಿ ಜೋರು.

ಬೋಟು ಬಾಡಿಗೆಗೆ ಹಿಡಿಯುವ ಮೊದಲೇ ಕೇಳಬೇಕಾದದ್ದು ಬಾಡಿಗೆ ಎಷ್ಟು ಎಂದಲ್ಲ, "ರಾತ್ರಿ ನಡೆಸಲು ಒಪ್ಪಿಗೆ ಇದೆಯೇ" ಎಂದು. ಚಾಲಕನಿಲ್ಲದೆ ಕೊಡುವ ಬಾಡಿಗೆ ಬೋಟುಗಳ ಕರಾರಿನಲ್ಲಿ ಸೂರ್ಯಾಸ್ತದ ನಂತರ ಚಲಿಸಬಾರದು ಎಂಬ ಷರತ್ತು ಬಹಳ ಕಡೆ ಇರುತ್ತದೆ. ಅದನ್ನು ಮುರಿದರೆ ವಿಮೆ ನಿಲ್ಲುವುದಿಲ್ಲ. ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಸಿಗದಿದ್ದರೆ ಅದೇ ಕಂಪನಿಯ ಸ್ಕಿಪ್ಪರ್ (ಬೋಟಿನ ಮುಖ್ಯ ಚಾಲಕ) ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕಾವಲು ಮಾತ್ರ ನೀವಿಬ್ಬರೇ ಮಾಡಿ, ಅವರು ಕೆಳಗೆ ಮಲಗಿರಲಿ. ನಮ್ಮ ಅಭಿಪ್ರಾಯದಲ್ಲಿ ಒಪ್ಪಿಗೆ ಸಿಕ್ಕರೂ ಮೊದಲ ಸಲಕ್ಕೆ ಇದೇ ಒಳ್ಳೆಯ ಏರ್ಪಾಡು.

ಘಟ್ಟದ ಮೇಲೆ ಕುಳಿತೇ ಆಗುವ ತಯಾರಿ

ಹಾಯಿ ನಡೆಸುವುದನ್ನು ನೀರಿನ ಮೇಲೆಯೇ ಕಲಿಯಬೇಕು, ಅದಕ್ಕೆ ಪರ್ಯಾಯವಿಲ್ಲ. ನಮಗೆ ಹತ್ತಿರದ ಕಡಲು ಗೋವಾ ಮತ್ತು ಕಾರವಾರ. ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಹಾಯಿದೋಣಿ ಕಲಿಸುವ ಬೇರೆಯವರೂ ಇದ್ದಾರೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಹೋಗಿ. ಎಷ್ಟು ಕಲಿತರೆ ಸಾಕು ಎನ್ನುವುದಕ್ಕೆ ಒಂದು ಅಳತೆ ಬೇಕೆಂದರೆ, ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಶನ್‌ನ ಡೇ ಸ್ಕಿಪ್ಪರ್ ಪ್ರಾಯೋಗಿಕ ತರಬೇತಿಗೆ ಬರುವವರಿಗೇ 5 ದಿನ, 100 ಮೈಲು, 4 ರಾತ್ರಿ ತಾಸುಗಳ ಅನುಭವ ಇರಬೇಕು ಎನ್ನುತ್ತಾರೆ. ಆ ತರಬೇತಿಯನ್ನು ಇಬ್ಬರೂ ಮುಗಿಸಿರಲಿ. ಒಬ್ಬರ ಪ್ರಮಾಣಪತ್ರ ಇನ್ನೊಬ್ಬರನ್ನು ಕಾಯುವುದಿಲ್ಲ.

ಉಳಿದ ಬಹುಪಾಲು ಅಭ್ಯಾಸ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಮನೆಯಲ್ಲೇ ಆಗುತ್ತದೆ. ನಾಲ್ಕು ಮೀಟರ್ ಉದ್ದದ, ಹೆಬ್ಬೆರಳು ಗಾತ್ರದ ಹಗ್ಗ ತನ್ನಿ. ಬೌಲೈನ್, ಕ್ಲೋವ್ ಹಿಚ್, ರೋಲಿಂಗ್ ಹಿಚ್, ಕ್ಲೀಟಿಗೆ (ಡೆಕ್ ಮೇಲಿನ ಹಗ್ಗ ಕಟ್ಟುವ ಗೂಟ) ಸುತ್ತುವ ಗಂಟು, ಈ ನಾಲ್ಕೇ ಸಾಕು. ಆದರೆ ದೀಪ ಆರಿಸಿ, ಕೈ ಒದ್ದೆ ಮಾಡಿಕೊಂಡು, ಎಣಿಸಿದರೆ ಹತ್ತರೊಳಗೆ ಬರಬೇಕು. ಕರೆಂಟು ಹೋದಾಗ ಇದನ್ನೇ ಮಾಡುತ್ತಾ ಕೂರಿ.

ಎರಡನೆಯದು ಬೇರಿಂಗ್ ಅಭ್ಯಾಸ, ಅಂದರೆ ಒಂದು ಗುರುತು ಉತ್ತರದಿಂದ ಎಷ್ಟು ಡಿಗ್ರಿಯಲ್ಲಿದೆ ಎಂದು ಅಳೆಯುವುದು. ಕೈಯಲ್ಲಿ ಹಿಡಿಯುವ ಕಂಪಾಸಿನೊಂದಿಗೆ ಉಣಕಲ್ ಕೆರೆಯ ದಂಡೆಗೆ ಹೋಗಿ. ಕೆರೆಯ ನಡುವಿನ ವಿವೇಕಾನಂದರ ಪ್ರತಿಮೆಗೆ ಒಂದು, ನೃಪತುಂಗ ಬೆಟ್ಟಕ್ಕೆ ಒಂದು, ಎದುರು ದಂಡೆಯ ಯಾವುದಾದರೂ ಗುರುತಿಗೆ ಒಂದು, ಹೀಗೆ ಮೂರು ಬೇರಿಂಗ್ ತೆಗೆದು ನಕ್ಷೆಯ ಮೇಲೆ ಗೆರೆ ಎಳೆಯಿರಿ. ಮೂರೂ ಕೂಡುವ ಸಣ್ಣ ತ್ರಿಕೋನದೊಳಗೆ ನೀವು ನಿಂತಿದ್ದೀರಿ. ತ್ರಿಕೋನ ದೊಡ್ಡದಾದಷ್ಟೂ ಕೈ ನಡುಗಿದೆ ಎಂದರ್ಥ.

ಮೂರನೆಯ ಅಭ್ಯಾಸ ಎಲ್ಲಕ್ಕಿಂತ ಮುಖ್ಯ. ಧಾರವಾಡದ ಕೆಸಿಡಿ ಮೈದಾನದಂಥ ಬಯಲಿನಲ್ಲಿ, ಎರಡು ಅಂಚುಗಳು ಕೂಡುವ ಮೂಲೆಯನ್ನು ಗುರಿಯಾಗಿ ಇಟ್ಟುಕೊಂಡು, ಅದರಿಂದ ಇಬ್ಬರೂ ಅಷ್ಟೇ ದೂರದಲ್ಲಿ ಹೊರಟು, ಬೇರೆ ಬೇರೆ ಅಂಚಿನ ಗುಂಟ ಒಂದೇ ಸಮನಾಗಿ ನಡೆಯಿರಿ. ಹತ್ತು ಹೆಜ್ಜೆಗೊಮ್ಮೆ ಕಂಪಾಸು ಎತ್ತಿ ಇನ್ನೊಬ್ಬರು ಎಷ್ಟು ಡಿಗ್ರಿಯಲ್ಲಿದ್ದಾರೆ ನೋಡಿ. 45, ಮತ್ತೆ 45, ಮತ್ತೂ 45. ದೂರ ಕಡಿಮೆಯಾಗುತ್ತಿದೆ, ಡಿಗ್ರಿ ಬದಲಾಗುತ್ತಿಲ್ಲ. ಮೂಲೆಯಲ್ಲಿ ಇಬ್ಬರೂ ಡಿಕ್ಕಿ ಹೊಡೆಯುತ್ತೀರಿ. ಈಗ ಒಬ್ಬರು ನಡಿಗೆ ನಿಧಾನ ಮಾಡಿ ಮತ್ತೆ ನೋಡಿ: 45, 41, 36. ಡಿಗ್ರಿ ಸರಿಯುತ್ತಿದೆ, ಡಿಕ್ಕಿ ಇಲ್ಲ. ಕಡಲಲ್ಲಿ ರಾತ್ರಿ ಕಾಣುವ ಪ್ರತಿ ದೀಪಕ್ಕೂ ಕೇಳಬೇಕಾದ ಪ್ರಶ್ನೆ ಇದೊಂದೇ: ಅದರ ಬೇರಿಂಗ್ ಸರಿಯುತ್ತಿದೆಯೋ ಇಲ್ಲವೋ.

ಕೊನೆಗೆ, ಒಂದು ಶನಿವಾರ ರಾತ್ರಿ ಮಾಳಿಗೆಯ ಮೇಲೆ ಪೂರ್ತಿ ಕಾವಲು ನಡೆಸಿ. ಸಂಜೆ ಏಳೂವರೆಯಿಂದ ಬೆಳಗಿನ ಏಳೂವರೆಯವರೆಗೆ ಮೂರು ಮೂರು ತಾಸು. ಮೇಲಿದ್ದವರು ತಾಸಿಗೊಮ್ಮೆ ಸಮಯ, ಗಾಳಿಯ ದಿಕ್ಕು, ಮೋಡ ಬರೆಯಲಿ. ಕೆಳಗಿದ್ದವರು ನಿಜವಾಗಿ ಮಲಗಲಿ. ಯಾರಿಗೆ ಒಂಬತ್ತಕ್ಕೇ ನಿದ್ದೆ ಬರುತ್ತದೆ, ಯಾರಿಗೆ ನಸುಕಿನ ನಾಲ್ಕಕ್ಕೆ ತಲೆ ಓಡುವುದಿಲ್ಲ, ಇದು ಮನೆಯಲ್ಲೇ ಗೊತ್ತಾಗಿಬಿಟ್ಟರೆ ಕಾವಲಿನ ಪಾಳಿ ತಾನಾಗಿ ಹೊಂದಿಕೊಳ್ಳುತ್ತದೆ.

ಬೋಟು ಕೈಗೆ ಬಂದಾಗ ನೋಡುವುದು

36ರಿಂದ 38 ಅಡಿಯ ಒಂಟಿ ಒಡಲಿನ ಬೋಟು ಇಬ್ಬರಿಗೆ ಸಾಕು. ಅದಕ್ಕಿಂತ ದೊಡ್ಡದರ ಹಾಯಿಯನ್ನು ನಿದ್ದೆಗಣ್ಣಿನಲ್ಲಿ ಒಬ್ಬರೇ ಎಳೆಯಲಾಗದು. ಹಸ್ತಾಂತರದ ಹೊತ್ತಿಗೆ ಕಂಪನಿಯವರು ಅವಸರ ಮಾಡುತ್ತಾರೆ, ಮಣಿಯಬೇಡಿ. ಆಟೋಪೈಲಟ್ (ತಾನೇ ಚುಕ್ಕಾಣಿ ಹಿಡಿಯುವ ಯಂತ್ರ) ಹಾಕಿ ಹತ್ತು ನಿಮಿಷ ನಡೆಸಿ ನೋಡಿ. ಎಲ್ಲ ದೀಪಗಳನ್ನೂ ಹಚ್ಚಿಸಿ, ಕೆಳಗಿಳಿದು ನೋಡಿ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ, ಎಂಜಿನ್ ನಡೆಸುವಾಗ ಕೂವೆಮರದ ಮೇಲೆ ಮುಂದಕ್ಕೆ ಇನ್ನೊಂದು ಬಿಳಿ. ಮೇನ್ ಸೇಲ್‌ನ (ಕೂವೆಮರದ ಹಿಂದಿನ ದೊಡ್ಡ ಹಾಯಿ) ಎರಡೂ ರೀಫ್ ಹಗ್ಗಗಳು (ಹಾಯಿಯನ್ನು ಮಡಿಸಿ ಚಿಕ್ಕದು ಮಾಡುವವು) ಹಾದಿ ಸರಿಯಾಗಿ ಬಂದಿವೆಯೇ ಎಂದು ಎಳೆದು ನೋಡಿ. ಮುಂದಿನಿಂದ ಹಿಂದಿನವರೆಗೆ ಡೆಕ್ ಮೇಲೆ ಕಟ್ಟುವ ಸುರಕ್ಷತಾ ಪಟ್ಟಿ, ಅದಕ್ಕೆ ಕೊಂಡಿ ಹಾಕುವ ಹಗ್ಗ ತಲೆಗೊಂದು, 150 ನ್ಯೂಟನ್‌ನ ಲೈಫ್ ಜಾಕೆಟ್ ತೊಡೆಪಟ್ಟಿ ಮತ್ತು ದೀಪದ ಸಮೇತ ತಲೆಗೊಂದು, ಇವಿಲ್ಲದಿದ್ದರೆ ಹೊರಡಬೇಡಿ. ತೊಡೆಪಟ್ಟಿ ಇಲ್ಲದ ಜಾಕೆಟ್ ನೀರಿನಲ್ಲಿ ತಲೆಯ ಮೇಲಕ್ಕೆ ಸರಿಯುತ್ತದೆ, ಮುಖ ನೀರೊಳಗೇ ಉಳಿಯುತ್ತದೆ.

ಬ್ಯಾಟರಿಯ ಲೆಕ್ಕ ನಮ್ಮ ಮನೆಗಳಿಗೆ ಹೊಸದಲ್ಲ. ಇನ್ವರ್ಟರಿಗೆ ಇಡುವಂಥ 150 ಎಎಚ್ ಬ್ಯಾಟರಿ ಎರಡು ಇವೆ ಎಂದುಕೊಳ್ಳಿ. ಲೆಡ್-ಆ್ಯಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಬಳಸಲು ಸಿಗುವುದು 150. ಆಟೋಪೈಲಟ್ 4 ಆಂಪಿಯರ್, ನಕ್ಷೆಯ ಪರದೆ ಮತ್ತು ಉಪಕರಣ 3, ಫ್ರಿಜ್ 4, ಎಲ್‌ಇಡಿ ದೀಪಗಳು ಅರ್ಧ. ತಾಸಿಗೆ ಹನ್ನೊಂದೂವರೆ ಆಂಪಿಯರ್, 15 ತಾಸಿಗೆ 170 ದಾಟಿತು. ಆದ್ದರಿಂದ ಫ್ರಿಜ್ ರಾತ್ರಿ ಬಂದ್. ಹೊರಡುವಾಗ ಒಂದು ತಾಸು, ನಡುರಾತ್ರಿಯ ಪಾಳಿ ಬದಲಾವಣೆಯಲ್ಲಿ ಇನ್ನೊಂದು ತಾಸು ಎಂಜಿನ್ ಓಡಿಸಿ. ವೋಲ್ಟ್ 12.2ಕ್ಕೆ ಬಂದರೆ ಗಡಿಯಾರ ನೋಡದೆ ಓಡಿಸಿ. ಆಟೋಪೈಲಟ್ ಸತ್ತರೆ ಇಬ್ಬರ ನಿದ್ದೆಯೂ ಸಾಯುತ್ತದೆ.

ಡೀಸೆಲ್: ಇಂಥ ಬೋಟಿನ ಎಂಜಿನ್ 5 ನಾಟ್‌ಗೆ ತಾಸಿಗೆ ಸುಮಾರು 3 ಲೀಟರ್ ಕುಡಿಯುತ್ತದೆ. ಗಾಳಿಯೇ ಇಲ್ಲದೆ ಹೋಗಿಬರಲು 24 ತಾಸು, 72 ಲೀಟರ್. ಮೂರನೇ ಒಂದು ಭಾಗ ಮೀಸಲು ಸೇರಿಸಿ 100 ಲೀಟರ್. ಸಿಮಿಲನ್‌ನಲ್ಲಿ ಡೀಸೆಲ್ ಸಿಗುವುದಿಲ್ಲ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್. ಬೋಟಿನ ಟ್ಯಾಂಕನ್ನು ನಂಬದೆ 20 ಲೀಟರಿನ ಕ್ಯಾನ್ ಎರಡು ಬೇರೆ ಇಡಿ.

ಬುತ್ತಿ ಮತ್ತು ಗುಳಿಗೆ

ಓಲಾಡುವ ಬೋಟಿನ ಒಳಗೆ ನಿಂತು ಅಡುಗೆ ಮಾಡಿದವರಿಗೆ ಮೊದಲ ಅರ್ಧ ತಾಸಿನಲ್ಲೇ ಹೊಟ್ಟೆ ತೊಳಸುತ್ತದೆ. ಆದ್ದರಿಂದ ರಾತ್ರಿಯ ಬುತ್ತಿ ದಡದಲ್ಲೇ ಕಟ್ಟಿರಬೇಕು. ಈ ವಿಷಯದಲ್ಲಿ ಉತ್ತರ ಕರ್ನಾಟಕದ ಅಡುಗೆಮನೆಗೆ ಯಾರೂ ಕಲಿಸಬೇಕಿಲ್ಲ. ಖಡಕ್ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಂದೇ ಕೈಯಲ್ಲಿ ಮುರಿದು ತಿನ್ನಬಹುದು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಚ್ಚಿದ ಅವಲಕ್ಕಿ, ಶೇಂಗಾ ಹೋಳಿಗೆ, ಎಲ್ಲವೂ ಕಡಲಿಗೆ ಹೊಂದುತ್ತವೆ. ಎರಡು ತಿದ್ದುಪಡಿ ಮಾತ್ರ ಬೇಕು. ಬ್ಯಾಡಗಿ ಮೆಣಸಿನಕಾಯಿ ಎಷ್ಟೇ ಪ್ರೀತಿಯದಾದರೂ ಹಿಂಡಿಗೆ ಖಾರ ಅರ್ಧಕ್ಕಿಳಿಸಿ. ಖಾಲಿ ಹೊಟ್ಟೆ, ಖಾರ ಮತ್ತು ಅಲೆ ಮೂರೂ ಸೇರಿದರೆ ಎದೆ ಉರಿಯುತ್ತದೆ, ಅಲ್ಲಿಂದ ವಾಂತಿಗೆ ದೂರವಿಲ್ಲ. ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ನಾಲ್ಕು ನಾಲ್ಕರ ಪೊಟ್ಟಣ ಕಟ್ಟಿ ಇಡಿ. ಕಡಲಿನ ತೇವಕ್ಕೆ ಖಡಕ್ ರೊಟ್ಟಿ ಒಂದೇ ರಾತ್ರಿಯಲ್ಲಿ ಚರ್ಮದಂತಾಗುತ್ತದೆ. ಮೊಸರನ್ನ ಬೇಡ, ಆ ಸೆಕೆಗೆ ಹುಳಿಯಾಗುತ್ತದೆ. ಚಹಾವನ್ನು ಬೆಳಕಿದ್ದಾಗಲೇ ಮಾಡಿ ಎರಡು ಥರ್ಮಾಸಿಗೆ ತುಂಬಿಸಿ, ಒಂದೊಂದು ಕಾವಲಿಗೆ ಅರ್ಧರ್ಧ.

ವಾಂತಿಯ ಗುಳಿಗೆ ಓಲಾಟ ಶುರುವಾದ ಮೇಲೆ ನುಂಗಿದರೆ ನಿಲ್ಲುವುದಿಲ್ಲ, ಹೊರಬರುತ್ತದೆ. ವೈದ್ಯರನ್ನು ಕೇಳಿ ತಂದ ಗುಳಿಗೆಯನ್ನು ಹಿಂದಿನ ರಾತ್ರಿ ಒಮ್ಮೆ, ಹೊರಡುವ ಎರಡು ತಾಸು ಮೊದಲು ಒಮ್ಮೆ, ಅವರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಸಿಗುವ ಅವೊಮಿನ್ ಕೆಲವರಿಗೆ ಗಾಢ ನಿದ್ದೆ ತರಿಸುತ್ತದೆ, ಸಿನ್ನಾರಿಜಿನ್ ಸಾಮಾನ್ಯವಾಗಿ ಅಷ್ಟು ತರಿಸುವುದಿಲ್ಲ. ನಿಮಗೆ ಹೇಗೆ ಎಂಬುದನ್ನು ಮಾಳಿಗೆಯ ಮೇಲಿನ ಆ ಶನಿವಾರವೇ ನೋಡಿಕೊಳ್ಳಿ.

ತಲುಪುವ ಹೊತ್ತಿನಿಂದ ಹಿಂದಕ್ಕೆ ಎಣಿಸುವುದು

ಹೊಸಬರು ಹೊರಡುವ ಸಮಯ ಗೊತ್ತುಮಾಡಿ ಮುಂದಕ್ಕೆ ಎಣಿಸುತ್ತಾರೆ. ಎಣಿಸಬೇಕಾದದ್ದು ಹಿಂದಕ್ಕೆ. ಹವಳದ ದಿಬ್ಬ ಕಣ್ಣಿಗೆ ಬೀಳುವುದು ಬಿಸಿಲು ನೆತ್ತಿಯ ಹತ್ತಿರ ಬಂದಾಗ, ಸೂರ್ಯ ಬೆನ್ನ ಹಿಂದೆ ಇದ್ದಾಗ. ಈಶಾನ್ಯ ಗಾಳಿಯ ತಿಂಗಳುಗಳಲ್ಲಿ ಸಿಮಿಲನ್‌ನಲ್ಲಿ ಮರೆ ಸಿಗುವುದು ದ್ವೀಪಗಳ ಪಶ್ಚಿಮದ ಕೊಲ್ಲಿಗಳಲ್ಲಿ. ಆ ಕೊಲ್ಲಿಗಳ ಒಳಗೆ ಹೋಗುವಾಗ ನಿಮ್ಮ ಮುಖ ಪೂರ್ವಕ್ಕೆ. ಬೆಳಿಗ್ಗೆ ಏಳೂವರೆಗೆ ಹೋದರೆ ಕಣ್ಣಿಗೆ ಸೂರ್ಯ, ನೀರಿನ ಮೇಲೆ ಬರೀ ಹೊಳಪು, ಕೆಳಗೆ ಏನಿದೆ ಎಂಬುದೇ ಕಾಣದು. ಹತ್ತಕ್ಕೆ ಹೋದರೆ ತಳ ಕಾಣುತ್ತದೆ. ಅಂದರೆ ಕೊಲ್ಲಿಗೆ ಹತ್ತಕ್ಕೆ, ದ್ವೀಪಗಳ ಸಮೀಪಕ್ಕೆ ಎಂಟಕ್ಕೆ. 4 ನಾಟ್‌ನಲ್ಲಿ 60 ಮೈಲಿಗೆ 15 ತಾಸು. ಹೊರಡುವುದು ಹಿಂದಿನ ಸಂಜೆ ಐದಕ್ಕೆ. ಜನವರಿ-ಫೆಬ್ರವರಿಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆರೂವರೆ ಸುಮಾರಿಗೆ, ಹಾಗಾಗಿ ನೆಲ ಬಿಟ್ಟು ಬಯಲು ಸೇರಲು ಒಂದೂವರೆ ತಾಸು ಬೆಳಕು ಸಿಗುತ್ತದೆ.

"5 ನಾಟ್ ಹೋಗಬಹುದಾದರೆ 4 ಯಾಕೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. 12 ನಾಟ್ ಅಡ್ಡಗಾಳಿಗೆ ಪೂರ್ತಿ ಹಾಯಿ ಬಿಚ್ಚಿದರೆ 38 ಅಡಿಯ ಬೋಟು 6 ನಾಟ್ ಓಡುತ್ತದೆ, ನಸುಕಿನ ಮೂರಕ್ಕೆ ಕತ್ತಲಲ್ಲಿ ಬಂಡೆಗಳ ಬಾಯಿಗೆ ತಂದು ನಿಲ್ಲಿಸುತ್ತದೆ. ರಾತ್ರಿ ಪಯಣದಲ್ಲಿ ನಿಧಾನ ಹೋಗುವುದೇ ಕೆಲಸ. ಮೇನ್ ಸೇಲ್‌ಗೆ ಎರಡು ರೀಫ್, ಮುಂದಿನ ಹಾಯಿ ಜಿಬ್ ಅರ್ಧ ಸುತ್ತಿ ಇಡಿ. ಬೋಟು ನೆಟ್ಟಗೆ ನಿಲ್ಲುತ್ತದೆ, ಕೆಳಗಿದ್ದವರಿಗೆ ನಿದ್ದೆ ಹತ್ತುತ್ತದೆ.

ಗುರಿಯ ಬಿಂದುವನ್ನು ದ್ವೀಪದ ಮೇಲೆ ಇಡಬೇಡಿ. ನಾಲ್ಕನೇ ದ್ವೀಪದ (ಸಿಮಿಲನ್ ದ್ವೀಪಗಳನ್ನು ದಕ್ಷಿಣದಿಂದ ಉತ್ತರಕ್ಕೆ ಎಣಿಸುತ್ತಾರೆ) ಪೂರ್ವಕ್ಕೆ 3 ಮೈಲು ಆಚೆ, ಬಯಲು ನೀರಿನಲ್ಲಿ ಇಡಿ. ಆಟೋಪೈಲಟ್ ಹೇಳಿದ ಕಡೆಗೇ ಹೋಗುತ್ತದೆ, ಅಲ್ಲಿ ಬಂಡೆ ಇದೆಯೇ ಎಂದು ಅದು ಕೇಳುವುದಿಲ್ಲ. ಪರದೆಯ ಮೇಲೆ ದಾರಿ ಹಾಕಿದ ಮೇಲೆ ನಕ್ಷೆಯನ್ನು ಪೂರ್ತಿ ಹಿಗ್ಗಿಸಿ, ದಾರಿಯುದ್ದಕ್ಕೂ ಬೆರಳಾಡಿಸಿ ನೋಡಿ. ಕುಗ್ಗಿಸಿದ ನಕ್ಷೆಯಲ್ಲಿ ಸಣ್ಣ ಬಂಡೆಗಳು ಮಾಯವಾಗುತ್ತವೆ. ಕಾಗದದ ನಕ್ಷೆಯ ಮೇಲೂ ಅದೇ ಗೆರೆ ಎಳೆದಿರಲಿ.

ಹವಾಮಾನಕ್ಕೆ ಎರಡು ಬೇರೆ ಮಾದರಿಗಳ ಮುನ್ಸೂಚನೆ ನೋಡಿ. ಎರಡೂ 8ರಿಂದ 15 ನಾಟ್ ಎಂದರೆ ಹೊರಡಿ. ಒಂದು 12, ಇನ್ನೊಂದು 22 ಎಂದರೆ ಒಂದು ದಿನ ಕಾಯಿರಿ.

ಹೊರಡುವ ಸಂಜೆ

ಮಧ್ಯಾಹ್ನ ಒಂದರಿಂದ ಮೂರರವರೆಗೆ ಇಬ್ಬರೂ ಮಲಗಿ, ನಿದ್ದೆ ಬರದಿದ್ದರೂ ಸರಿ. ಐದಕ್ಕೆ ಲಂಗರು ಎತ್ತಿ. ಪ್ರೊಂಥೆಪ್ ಭೂಶಿರದ ಮೇಲಿನ ದೀಪಸ್ತಂಭ ಎಡಕ್ಕಿರಲಿ; ಭೂಶಿರದ ಎದುರಿನ ಸಣ್ಣ ದ್ವೀಪಗಳನ್ನು ಬೆಳಕಿದ್ದಾಗಲೇ ದಾಟಬೇಕು. ಆರಕ್ಕೆ ಊಟ. ಆರೂವರೆಗೆ ಗಾಳಿ ಎಷ್ಟೇ ಮೆತ್ತಗಿರಲಿ ರೀಫ್ ಹಾಕಿ, ಜಾಕೆಟ್ ತೊಡಿ, ಕೊಂಡಿ ಸಿಕ್ಕಿಸಿ, ದೀಪ ಹಚ್ಚಿ. ಇದನ್ನು ಸಂಜೆ ದೀಪ ಹಚ್ಚುವ ಮನೆಯ ರೂಢಿಯಂತೆಯೇ ಮಾಡಿಕೊಳ್ಳಿ, ಪ್ರತಿ ದಿನ ಅದೇ ಹೊತ್ತಿಗೆ, ಚರ್ಚೆ ಇಲ್ಲದೆ. ಫುಕೆಟ್‌ನ ಗುಡ್ಡಗಳ ಮರೆ ತಪ್ಪಿದ ಕೂಡಲೇ ಗಾಳಿ ಒಮ್ಮೆಗೇ ಏರಬಹುದು. ಆ ಸೀಮೆಯಲ್ಲಿ ಈಶಾನ್ಯ ಗಾಳಿ ಮಧ್ಯಾಹ್ನಕ್ಕಿಂತ ರಾತ್ರಿ ಮತ್ತು ನಸುಕಿನಲ್ಲಿ ಬಲವಾಗಿರುವುದು ರೂಢಿ.

ಒಳಗಿನ ಬಿಳಿ ದೀಪಗಳೆಲ್ಲ ಆರಬೇಕು. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಮೊಬೈಲ್ ಪರದೆ ಒಮ್ಮೆ ನೋಡಿದರೆ ಅಷ್ಟೂ ಹೋಯಿತು. ಕೆಂಪು ಬೆಳಕಿನ ತಲೆದೀಪ ಬಳಸಿ.

ಕಾವಲು

ಏಳೂವರೆಯವರೆಗೆ ಇಬ್ಬರೂ ಮೇಲೆ. ಏಳೂವರೆಯಿಂದ ಹತ್ತೂವರೆ ಒಬ್ಬರು, ಹತ್ತೂವರೆಯಿಂದ ಒಂದೂವರೆ ಇನ್ನೊಬ್ಬರು, ಒಂದೂವರೆಯಿಂದ ನಾಲ್ಕೂವರೆ ಮೊದಲಿನವರು, ನಾಲ್ಕೂವರೆಯಿಂದ ಏಳೂವರೆ ಎರಡನೆಯವರು. ತಲೆಗೆ ಆರು ತಾಸು ಬಿಡುವು ಸಿಗುತ್ತದೆ. ಮಲಗುವವರು ಮುಂದಿನ ಕೋಣೆಗೆ ಹೋಗದೆ ನಡುಮನೆಯ ಬೆಂಚಿನ ಮೇಲೆ, ಬೋಟು ವಾಲಿದ ಬದಿಗೆ ಮಲಗಲಿ. ಓಲಾಟ ಅಲ್ಲಿ ಕಡಿಮೆ, ಕೂಗಿದರೆ ಕೇಳುತ್ತದೆ.

4 ನಾಟ್‌ನ ಲೆಕ್ಕಕ್ಕೆ ಹತ್ತೂವರೆಗೆ 22 ಮೈಲು, ಒಂದೂವರೆಗೆ 34, ನಾಲ್ಕೂವರೆಗೆ 46 ಆಗಿರಬೇಕು. ಈ ಮೂರು ಅಂಕಿಗಳನ್ನು ನಕ್ಷೆಯ ಮೇಜಿಗೆ ಅಂಟಿಸಿ. ತಾಸಿಗೊಮ್ಮೆ ಪುಸ್ತಕದಲ್ಲಿ ಸಮಯ, ಅಕ್ಷಾಂಶ-ರೇಖಾಂಶ, ದಿಕ್ಕು, ಮೈಲು, ಗಾಳಿ, ವಾಯುಭಾರ ಬರೆಯಿರಿ. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಬಾರಿ ತಾನಾಗಿ ಏರಿಳಿಯುತ್ತದೆ: ಹತ್ತರ ಹೊತ್ತಿಗೆ ಹೆಚ್ಚು, ನಾಲ್ಕರ ಹೊತ್ತಿಗೆ ಕಡಿಮೆ, ಹಗಲೂ ಹಾಗೆ, ರಾತ್ರಿಯೂ ಹಾಗೆ. ನಸುಕಿನ ನಾಲ್ಕಕ್ಕೆ ಎರಡು-ಮೂರು ಮಿಲಿಬಾರ್ ಇಳಿದಿದ್ದು ನೋಡಿ ಗಾಬರಿಯಾಗಬೇಡಿ. ಹತ್ತಾದರೂ ಏರದಿದ್ದರೆ ಅದು ಬೇರೆ ಮಾತು.

ಸುತ್ತ ನೋಡುವುದು ಹತ್ತು ನಿಮಿಷಕ್ಕೊಮ್ಮೆಯಾದರೂ, ಅಲಾರಂ ಇಟ್ಟುಕೊಂಡು, ಎದ್ದು ನಿಂತು, ಪೂರ್ತಿ ಒಂದು ಸುತ್ತು. ಹತ್ತೇ ಯಾಕೆ? ದೊಡ್ಡ ಹಡಗಿನ ಕಂಬದ ದೀಪ ಕನಿಷ್ಠ 6 ಮೈಲು ಕಾಣಬೇಕು ಎಂದು ನಿಯಮ. ಅದರ ವೇಗ 20 ನಾಟ್, ನಿಮ್ಮದು 4; ಎದುರುಬದುರಾದರೆ 6 ಮೈಲು 15 ನಿಮಿಷದಲ್ಲಿ ಮುಗಿಯುತ್ತದೆ. ಹತ್ತು ನಿಮಿಷ ಹೋದರೆ ಉಳಿಯುವುದು ಐದು. ಹಾಯಿಯ ಹಿಂದಿನ ಕುರುಡು ಮೂಲೆಯನ್ನು ಬಗ್ಗಿ ನೋಡುವುದನ್ನು ಮರೆಯಬೇಡಿ, ದೀಪಗಳು ಅಡಗುವುದೇ ಅಲ್ಲಿ.

ಎರಡು ನಿಯಮಗಳಿಗೆ ರಿಯಾಯಿತಿ ಇಲ್ಲ. ಒಂದು, ಒಬ್ಬರೇ ಇದ್ದಾಗ ಚುಕ್ಕಾಣಿ ಇರುವ ಕಾಕ್‌ಪಿಟ್ ಬಿಟ್ಟು ಡೆಕ್ ಮೇಲೆ ಹೋಗುವುದಿಲ್ಲ; ಹಾಯಿ ಕೆಲಸವಿದ್ದರೆ ಪಾಳಿ ಬದಲಾಗುವ ಹೊತ್ತಿಗೆ, ಇಬ್ಬರೂ ಎದ್ದಿರುವಾಗ ಮಾಡುವುದು. ಎರಡು, ಗಂಡಸರು ಬೋಟಿನ ಅಂಚಿಗೆ ನಿಂತು ಮೂತ್ರ ಮಾಡುವುದಿಲ್ಲ. ರಾತ್ರಿ ನೀರಿಗೆ ಬೀಳುವುದು ಹಾಗೆಯೇ. ಒಳಗೆ ಶೌಚಾಲಯವಿದೆ, ಕುಳಿತು ಮಾಡಿ.

ಪಾಳಿ ಒಪ್ಪಿಸುವಾಗ ಹದಿನೈದು ನಿಮಿಷ ಜೊತೆಗಿರಿ. ಎದ್ದವರಿಗೆ ಮೊದಲ ಐದು ನಿಮಿಷ ಹೇಳಿದ್ದು ತಲೆಗೆ ಹೋಗುವುದಿಲ್ಲ, ಆದ್ದರಿಂದ ನೀರು ಕುಡಿದ ಮೇಲೆ ಹೇಳಿ: "ಏಳ್ರಿ, ಒಂದೂ ಇಪ್ಪತ್ತಾತು. ಗಾಳಿ ಹನ್ನೊಂದು ಐತಿ, ಮೂವತ್ನಾಕು ಮೈಲಿ ಆಗೇತಿ. ಎಡಕ್ಕ ಒಂದು ಮೀನು ಬೋಟ್ ಐತಿ, ಎರಡ್ನೂರಾ ಎಂಬತ್ತರಾಗಿತ್ತು, ಈಗ ಎಪ್ಪತ್ತಕ್ಕ ಸರದೈತಿ, ಹಿಂದಕ್ಕ ಹೊಕ್ಕೈತಿ." ಕೇಳಿದವರು ಅದನ್ನೇ ತಿರುಗಿ ಹೇಳಲಿ, ಆ ದೀಪವನ್ನು ತಮ್ಮ ಕಣ್ಣಿಂದ ನೋಡಲಿ. ಆಮೇಲೆ ಕೆಳಗಿಳಿಯಿರಿ. ಮತ್ತೆ, ಅನುಮಾನ ಬಂದರೆ ಎಬ್ಬಿಸಿ. ಕಾರಣವಿಲ್ಲದೆ ಎಬ್ಬಿಸಿದರು ಎಂದು ಯಾರೂ ಮುಖ ಸಿಂಡರಿಸಬಾರದು. ಒಮ್ಮೆ ಸಿಂಡರಿಸಿದರೆ ಮುಂದಿನ ಸಲ ಎಬ್ಬಿಸಬೇಕಾದಾಗ ಎಬ್ಬಿಸುವುದಿಲ್ಲ.

ದೀಪ ಓದುವುದು

ಹಡಗಿಗೆ ಎರಡು ಬಿಳಿ ದೀಪ, ಮುಂದಿನದು ತಗ್ಗು, ಹಿಂದಿನದು ಎತ್ತರ. ಅವೆರಡೂ ಒಂದರ ಮೇಲೊಂದು ನೆಟ್ಟಗೆ ನಿಂತು, ಕೆಳಗೆ ಕೆಂಪು-ಹಸಿರು ಎರಡೂ ಕಂಡರೆ ಅದು ನಿಮ್ಮ ಕಡೆಗೇ ಬರುತ್ತಿದೆ. ಹಸಿರಿನ ಕೆಳಗೆ ಬಿಳಿ ಇದ್ದರೆ ಬಲೆ ಎಳೆಯುವ ಟ್ರಾಲರ್, ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ಬಗೆಯ ಮೀನುಗಾರಿಕೆ. ಅಂಡಮಾನ್ ಸಮುದ್ರದಲ್ಲಿ ದಿಗಂತದಲ್ಲಿ ಹಸಿರು ಬೆಳಕಿನ ಊರೇ ಎದ್ದಂತೆ ಕಾಣುವುದು ಸ್ಕ್ವಿಡ್ ಹಿಡಿಯುವ ಬೋಟುಗಳು. ಆ ಪ್ರಖರ ಬೆಳಕಿನಲ್ಲಿ ಅವುಗಳ ನಿಯಮದ ದೀಪಗಳು ಮುಚ್ಚಿಹೋಗುತ್ತವೆ, ಯಾವ ಕಡೆ ಹೊರಟಿವೆ ಎಂದು ತಿಳಿಯದು. ಎರಡು ಮೈಲು ದೂರದಿಂದಲೇ ಸುತ್ತುಹಾಕಿ. ಕರಾವಳಿಯ ಹತ್ತಿರ ದೀಪವೇ ಇಲ್ಲದ ಉದ್ದಬಾಲದ ದೋಣಿಗಳೂ ಇರುತ್ತವೆ, ಸುತ್ತಲಿನ ಹಡಗುಗಳ ಹೆಸರು, ದಾರಿ ತೋರಿಸುವ ಎಐಎಸ್ ಪರದೆಯಲ್ಲಿ ಅವು ಬರುವುದಿಲ್ಲ.

ಎಐಎಸ್ ಇದ್ದರೆ, ಹಡಗು ಒಂದು ಮೈಲಿಗಿಂತ ಹತ್ತಿರ ಹಾದುಹೋಗುತ್ತದೆ ಎಂದು ತೋರಿಸಿದ ಕೂಡಲೇ ದಿಕ್ಕು ಬದಲಿಸಿ. 5 ಡಿಗ್ರಿ ತಿರುಗಿದರೆ ಹಡಗಿನವರಿಗೆ ತಿಳಿಯುವುದೇ ಇಲ್ಲ. 30 ಡಿಗ್ರಿ, ಬೇಗನೆ, ನಿಮ್ಮ ದೀಪದ ಬಣ್ಣ ಅವರಿಗೆ ಬದಲಾಗಿ ಕಾಣುವಷ್ಟು ತಿರುಗಿ. ಹೆಸರು ಹಿಡಿದು ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯಬಹುದು, ಆದರೆ ಮಾತು ತಿರುಗುವಿಕೆಗೆ ಬದಲಿ ಅಲ್ಲ. ಹಾಯಿಗೆ ಹಕ್ಕಿದೆ ಎಂಬ ವಾದವನ್ನು 200 ಮೀಟರಿನ ಹಡಗಿನ ಮುಂದೆ ಇಡಬೇಡಿ.

ಕೆಡುವುದು ಹೀಗೆ

ಬೇಗ ಬಂದುಬಿಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಒಂದೂವರೆಗೆ 34ರ ಬದಲು 44 ಮೈಲು ಆಗಿದ್ದರೆ ಅಲ್ಲಿಯೇ ನಿಲ್ಲಿ. ನಿಲ್ಲಿಸುವ ವಿಧಾನಕ್ಕೆ ಹೀವ್-ಟು ಎನ್ನುತ್ತಾರೆ: ಜಿಬ್‌ನ ಹಗ್ಗ ಸಡಿಲಿಸದೆ ಬೋಟನ್ನು ಗಾಳಿಯ ಆಚೆಗೆ ತಿರುಗಿಸಿ, ಜಿಬ್ ಹಿಂದುಮುಂದಾಗಿ ಗಾಳಿ ತುಂಬಿಕೊಳ್ಳುತ್ತದೆ. ಮೇನ್ ಸ್ವಲ್ಪ ಸಡಿಲ ಬಿಡಿ, ಚುಕ್ಕಾಣಿ ಚಕ್ರವನ್ನು ಗಾಳಿಯ ಕಡೆಗೆ ಪೂರ್ತಿ ತಿರುಗಿಸಿ ಬಿಗಿಯಿರಿ. ಬೋಟು ಶಾಂತವಾಗಿ ಕೂತು ತಾಸಿಗೆ ಒಂದರಿಂದ ಎರಡು ಮೈಲು ತೇಲುತ್ತದೆ. ಎಚ್ಚರವಿರಲಿ, ಈಶಾನ್ಯ ಗಾಳಿಗೆ ತೇಲುವುದು ನೈಋತ್ಯಕ್ಕೆ, ಅಂದರೆ ನೀವು ದ್ವೀಪಗಳ ಪೂರ್ವಕ್ಕಿದ್ದರೆ ದ್ವೀಪಗಳ ಕಡೆಗೇ. ಮೂರು ತಾಸಿಗೆ 3ರಿಂದ 6 ಮೈಲು ಹೋಗುತ್ತದೆ. ಆದ್ದರಿಂದ 10 ಮೈಲಿಗಿಂತ ಒಳಗೆ ಹೀವ್-ಟು ಮಾಡಬೇಡಿ, ಕಾವಲು ಬಿಡಬೇಡಿ.

ಬಲೆ ಸಿಕ್ಕಿಕೊಳ್ಳುವುದು ಎರಡನೆಯದು. ಬೋಟು ಇದ್ದಕ್ಕಿದ್ದಂತೆ ನಿಧಾನವಾದರೆ ಎಂಜಿನ್ ಚಾಲೂ ಮಾಡುವ ಮೊದಲು ಟಾರ್ಚ್ ಹಿಡಿದು ಹಿಂದೆ ನೋಡಿ. ಬಲೆ ಚುಕ್ಕಾಣಿಗೆ ತೊಡರಿದ್ದರೆ ಹಾಯಿ ಸಡಿಲಿಸಿದಾಗ ತಾನೇ ಜಾರಬಹುದು. ಎಂಜಿನ್ ಓಡಿಸಿದರೆ ಪ್ರೊಪೆಲ್ಲರಿಗೆ ಸುತ್ತಿ ಕಗ್ಗಂಟಾಗುತ್ತದೆ. ರಾತ್ರಿ ನೀರಿಗಿಳಿದು ಬಿಡಿಸಲು ಹೋಗಬೇಡಿ. ಬೆಳಗಾಗಲಿ.

ಮೂರನೆಯದು ನೀರಿಗೆ ಬೀಳುವುದು. 5 ನಾಟ್‌ನಲ್ಲಿ ಬೋಟು ಒಂದು ನಿಮಿಷಕ್ಕೆ 150 ಮೀಟರ್ ದೂರ ಹೋಗುತ್ತದೆ, ಅಲೆಗಳ ನಡುವೆ ತಲೆ ಅಷ್ಟು ದೂರಕ್ಕೆ ಕಾಣುವುದಿಲ್ಲ. ಮೇಲಿದ್ದವರು ಬಿದ್ದರೆ ಕೆಳಗೆ ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಮೆಟ್ಟಿಲು ಹತ್ತಿ ಹೊರಗೆ ಕಾಲಿಡುವ ಮೊದಲೇ, ಕೆಳಗಿನ ಮೆಟ್ಟಿಲಲ್ಲಿ ನಿಂತೇ ಕೊಂಡಿ ಹಾಕಬೇಕು. ಎತ್ತುವ ಅಭ್ಯಾಸವನ್ನು ಹಗಲಲ್ಲಿ ಮಾಡಿ: ನೀರು ತುಂಬಿದ ಎರಡು ಕ್ಯಾನುಗಳನ್ನು ಒಂದು ಫೆಂಡರಿಗೆ (ಬೋಟಿನ ಬದಿಗೆ ತೂಗುಬಿಡುವ ಗಾಳಿದಿಂಬು) ಕಟ್ಟಿ ನೀರಿಗೆ ಎಸೆಯಿರಿ, ಹೀವ್-ಟು ಮಾಡಿ, ನೀರಿನಲ್ಲಿ ಹಗ್ಗ ಇಲ್ಲವೆಂದು ನೋಡಿ ಎಂಜಿನ್ ಹಾಕಿ, ಹತ್ತಿರ ಬಂದು ನ್ಯೂಟ್ರಲ್ ಮಾಡಿ, ಕೂವೆಮರದ ಬಿಡಿ ಹಗ್ಗವನ್ನು ಕೊಂಡಿಗೆ ಸಿಕ್ಕಿಸಿ, ಹಗ್ಗ ಎಳೆಯುವ ರಾಟೆಯಾದ ವಿಂಚಿನಿಂದ ಎತ್ತಿ. ಇಬ್ಬರಲ್ಲಿ ಹಗುರ ಮೈಯವರು ಒಬ್ಬರೇ ಇದನ್ನು ಮಾಡಿ ಮುಗಿಸಬೇಕು. ಆಗದಿದ್ದರೆ ರಾತ್ರಿ ಪಯಣವನ್ನು ಮುಂದೂಡಿ.

ಬೆಳಗು

ಆರೂವರೆ-ಏಳಕ್ಕೆ ಬೆಳಕು ಹರಿದಾಗ ದ್ವೀಪಗಳು ಎಡ ಮುಂದಕ್ಕೆ ಸಾಲಾಗಿ ಕಾಣುತ್ತವೆ. ಕಂಡ ಕೂಡಲೇ ಓಡಬೇಡಿ. ದಣಿದ ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ, ದ್ವೀಪವನ್ನು ದ್ವೀಪದಿಂದ ಬೇರ್ಪಡಿಸಿ ಗುರುತಿಸುವುದೂ ಕಷ್ಟ; ಎರಡು ಬೇರಿಂಗ್ ತೆಗೆದು ನಕ್ಷೆಗೆ ಹೊಂದಿಸಿ ಖಚಿತ ಮಾಡಿಕೊಳ್ಳಿ. ಕಡಲಾಮೆಗಳು ಮೊಟ್ಟೆ ಇಡುವ ದಕ್ಷಿಣದ ದ್ವೀಪಗಳಲ್ಲಿ ಇಳಿಯಲು ಬಿಡುವುದಿಲ್ಲ.

ಹತ್ತಕ್ಕೆ ಕೊಲ್ಲಿಗೆ ಹೋಗುವಾಗ ಒಬ್ಬರು ಪೋಲರಾಯ್ಡ್ ಕನ್ನಡಕ ಹಾಕಿ ಮುಂದಿನ ತುದಿಯಲ್ಲಿ ನಿಲ್ಲಲಿ, ಒಬ್ಬರು ಚುಕ್ಕಾಣಿಯಲ್ಲಿ, ವೇಗ 2 ನಾಟ್. ಕಡುನೀಲಿ ಎಂದರೆ ಆಳ, ತಿಳಿನೀಲಿ ಎಂದರೆ ಮರಳಿನ ತಳ, ಎಳೆಹಸಿರು ಎಂದರೆ ಎರಡು-ಮೂರು ಮೀಟರ್, ಕಂದು ಎಂದರೆ ಹವಳ, ನಿಲ್ಲಿಸಿ. ಎಂಜಿನ್ ಸದ್ದಿನಲ್ಲಿ ಕೂಗು ಕೇಳದು, ಕೈಸನ್ನೆಗಳನ್ನು ಮೊದಲೇ ಮಾತಾಡಿಕೊಂಡಿರಿ. ಹವಳದ ಮೇಲೆ ಲಂಗರು ಹಾಕುವಂತಿಲ್ಲ. ಉದ್ಯಾನದವರು ಇಟ್ಟ ತೇಲುಬುರುಡೆಗೆ ಕಟ್ಟಬೇಕು. ಗಾಳಿಗೆ ಎದುರಾಗಿ ಬನ್ನಿ, ಕೊಕ್ಕೆಯಿಂದ ಬುರುಡೆಯ ಹಗ್ಗ ಎತ್ತಿ, ನಿಮ್ಮ ಹಗ್ಗವನ್ನು ಅದರ ಕುಣಿಕೆಯೊಳಗೆ ತೂರಿಸಿ ಎರಡೂ ತುದಿ ಬೋಟಿಗೇ ಕಟ್ಟಿ. ಕನ್ನಡಕ ತೊಟ್ಟು ಈಜಿ ಹೋಗಿ ಕೆಳಗಿನ ಹಗ್ಗ ಸವೆದಿದೆಯೇ ನೋಡಿ. ಸವೆದಿದ್ದರೆ ಬೇರೆ ಬುರುಡೆ.

ಕಟ್ಟಿದ ಮೇಲೂ ಒಬ್ಬರು ಅರ್ಧ ತಾಸು ಎಚ್ಚರವಿರಿ, ಬೋಟು ತನ್ನ ಸುತ್ತು ತಿರುಗುವಾಗ ಹಿಂದೆ ಬಂಡೆಯಾಗಲಿ ಇನ್ನೊಂದು ಬೋಟಾಗಲಿ ತಾಗುವುದಿಲ್ಲ ಎಂದು ಖಾತ್ರಿಯಾಗುವವರೆಗೆ. ಎಂಜಿನ್ ಎಷ್ಟು ತಾಸು ಓಡಿತು, ಡೀಸೆಲ್ ಎಷ್ಟು ಉಳಿಯಿತು, ವೋಲ್ಟ್ ಎಷ್ಟಿದೆ ಬರೆದಿಡಿ, ಮರಳುವ ರಾತ್ರಿಗೆ ಈ ಮೂರೇ ಅಂಕಿ ಬೇಕಾಗುವುದು. ಆಮೇಲೆ ಇಬ್ಬರೂ ಮಲಗಿ. ಮರಳಿ ಹೊರಡುವುದು ಮರುದಿನ ಸಂಜೆಗಿಂತ ಮೊದಲು ಬೇಡ. ಮುರಿದ ನಿದ್ದೆಯನ್ನು ತುಂಬಿಕೊಳ್ಳಲು ಒಂದು ಇಡೀ ರಾತ್ರಿ ಬೇಕು.